ಅಕ್ಕಿ ಕಾಳಿನ ದಪ್ಪ

೧೯೯೧ನೇ ಇಸವಿಯಲ್ಲಿ ನಾನು ರಾಯಬಾಗ ತಾಲ್ಲೂಕಿನ ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದೆ. ವಯಸ್ಸು ಇಪ್ಪತ್ತೆರಡು. ಐದನೇ ಇಯತ್ತೆ ಪಾಸಾಗಿದ್ದೆ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು, ಆದರೆ ಖಾಯಂ ಆಗಿರಲಿಲ್ಲ. ಊರಿನ ಹೆಸರು ಬರೆಯುವುದಿಲ್ಲ. ಈಗ ಅಲ್ಲಿ ಬೇರೆಯವರು ಇದ್ದಾರೆ. ಅವರಿಗೂ ಇದಕ್ಕೂ ಸಂಬಂಧವಿಲ್ಲ.

ಆಸ್ಪತ್ರೆ ಅಂದರೆ ಎರಡು ಕೋಣೆ, ಒಂದು ಬೇವಿನ ಮರ, ಮರದ ಕೆಳಗೆ ದನ ನಿಲ್ಲಿಸಲು ನಾಲ್ಕು ಕಂಬ. ನನ್ನ ಕೆಲಸ ದನ ಹಿಡಿಯುವುದು, ಸಿರಿಂಜ್ ಕುದಿಸುವುದು, ಗಾಯ ತೊಳೆಯುವುದು, ಬೆಳೆದ ಗೊರಸು ಕತ್ತರಿಸುವುದು. ಗೊರಸಿನ ಕೆಲಸದಲ್ಲಿ ನನ್ನ ಕೈ ಚುರುಕಾಗಿತ್ತು. ಇಕ್ಕಳದಂಥ ಉದ್ದ ಹಿಡಿಕೆಯ ಕಟರ್ ಇತ್ತು. ಒಂದು ಎತ್ತಿನ ನಾಲ್ಕೂ ಕಾಲನ್ನು ಹದಿನೈದು ನಿಮಿಷದಲ್ಲಿ ಮುಗಿಸುತ್ತಿದ್ದೆ. ಜನ ಡಾಕ್ಟರ್ ಇದ್ದಾರೋ ಇಲ್ಲವೋ ಎಂದು ಕೇಳದೆ ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. ಅದು ನನಗೆ ಬಹಳ ಹಿಡಿಸುತ್ತಿತ್ತು.

ನಮ್ಮ ರಿಜಿಸ್ಟರಿನಲ್ಲಿ ಎಮ್ಮೆ, ಆಕಳು, ಎತ್ತು, ಕುರಿ, ಆಡು, ಕೋಳಿ ಎಂದು ಬೇರೆ ಬೇರೆ ಕಾಲಂ ಇದ್ದವು. ನಾಯಿ ಮತ್ತು ಬೆಕ್ಕು ಕೊನೆಗೆ, ‘ಇತರೆ’ ಅನ್ನುವ ಕಾಲಮಿನಲ್ಲಿ. ಆ ಮೂರು ವರ್ಷದಲ್ಲಿ ಯಾರೂ ನಾಯಿಯ ಹಲ್ಲು ತೋರಿಸಲು ಬಂದಿರಲಿಲ್ಲ. ಹಲ್ಲು ನೋಡುವುದು ಎತ್ತಿಗೆ ಮಾತ್ರ. ಅದೂ ವಯಸ್ಸು ತಿಳಿಯಲು, ಕೊಳ್ಳುವಾಗ ಮಾರುವಾಗ.

ಡಿಸೆಂಬರ್ ತಿಂಗಳು. ಕಬ್ಬು ಕಡಿಯುವ ಕಾಲ. ಕಬ್ಬು ಹೋದ ಹೊಲದಲ್ಲಿ ಕುರಿಗಾರರು ಕುರಿ ಕೂಡಿಸುತ್ತಾರೆ. ರಾತ್ರಿಯೆಲ್ಲ ಕುರಿ ಅಲ್ಲೇ ಮಲಗುತ್ತವೆ, ಹೊಲಕ್ಕೆ ಗೊಬ್ಬರ ಆಗುತ್ತದೆ, ಹೊಲದವನು ಕುರಿಗಾರನಿಗೆ ಜೋಳ ಕೊಡುತ್ತಾನೆ. ಅಣ್ಣಾಸಾಹೇಬ ಎಂಬ ದೊಡ್ಡ ರೈತನ ಹೊಲದಲ್ಲಿ ಬೀರಪ್ಪ ಎಂಬ ಕುರಿಗಾರ ನೂರಿಪ್ಪತ್ತು ಕುರಿ ಕೂಡಿಸಿದ್ದ. ಬೀರಪ್ಪನಿಗೆ ಅರವತ್ತರ ಹತ್ತಿರ ವಯಸ್ಸು. ಮಗ ತೀರಿಕೊಂಡಿದ್ದ. ಸೊಸೆ ಮಾಯವ್ವ ಅವನ ಜೊತೆ ಹಟ್ಟಿಯಲ್ಲಿ ಇದ್ದಳು. ಜೊತೆಗೆ ಒಂದು ನಾಯಿ, ಮೋತ್ಯಾ. ನಾಲ್ಕು ವರ್ಷದ ಗಂಡು, ಬೂದಿ ಬಣ್ಣ, ಕುರಿಗಿಂತ ಎತ್ತರ.

ಒಂದು ಸೋಮವಾರ ಬೆಳಿಗ್ಗೆ ಅಣ್ಣಾಸಾಹೇಬ ಮುಂದೆ, ಬೀರಪ್ಪ ಹಿಂದೆ, ಬೀರಪ್ಪನ ಕೈಯ ಹಗ್ಗದಲ್ಲಿ ಮೋತ್ಯಾ, ಹೀಗೆ ಮೂವರೂ ಆಸ್ಪತ್ರೆಗೆ ಬಂದರು.

“ಲಗಮಾ, ಡಾಕ್ಟರ್ ಎಲ್ಲೆದಾರ?” ಎಂದ ಅಣ್ಣಾಸಾಹೇಬ. ಲಗಮಣ್ಣ ನನ್ನ ಹೆಸರು.

“ಚಿಕ್ಕೋಡಿಗೆ ಮೀಟಿಂಗಿಗೆ ಹೋಗ್ಯಾರ್ರಿ. ನಾಳೆ ಬರ್ತಾರ.”

“ನಾಳಿತನಕ ಯಾರ ಕಾಯ್ಬೇಕು? ಈ ನಾಯಿ ನಿನ್ನೆ ನಮ್ಮ ಆಳಿನ ಧೋತರ ಹರದೈತಿ. ಇವತ್ತ ಧೋತರ, ನಾಳೆ ಕಾಲು. ಒಂದ ಇದರ ಹಲ್ಲ ಹೋಗಬೇಕು, ಇಲ್ಲಾ ಇವನ ಕುರಿ ನನ್ನ ಹೊಲಾ ಬಿಟ್ಟ ಏಳಬೇಕು.”

“ನಿಮ್ಮ ಆಳು ಕತ್ತಲದಾಗ ಕುರಿ ನಡುವ ಹಾಯ್ದ ಬಂದಾನ್ರಿ,” ಎಂದ ಬೀರಪ್ಪ. “ನಾಯಿ ಏನ್ ಅವನ್ನ ರೇಶನ್ ಕಾರ್ಡ್ ಕೇಳಬೇಕಾಗಿತ್ತೇನ್ರಿ?”

“ಲೇ ಬೀರ್ಯಾ, ಬಾಯಿ ನಿಂದೂ ಹರಿತ ಐತಿ. ಅದನ್ನೂ ಕೂಡೇ ಕೊಯ್ಸಲ್ಯಾ?”

ಬೀರಪ್ಪ ನಕ್ಕ. ಆದರೆ ಅವನಿಗೆ ಚಿಂತೆ ಇತ್ತು. ಆ ವರ್ಷ ಹಳ್ಳದ ಕಡೆ ತೋಳ ಬರುತ್ತಿದ್ದವು. ನಾಯಿ ಬಿಟ್ಟರೆ ಕುರಿ ಹೋಗುತ್ತವೆ, ನಾಯಿ ಇಟ್ಟುಕೊಂಡರೆ ಹೊಲ ಹೋಗುತ್ತದೆ. ನಾಯಿಯನ್ನು ಉಳಿಸಿಕೊಳ್ಳಲು ಅವನಿಗೆ ಇದ್ದ ದಾರಿ ಒಂದೇ, ಅದರ ಹಲ್ಲು ಮೊಂಡು ಮಾಡುವುದು.

ಇದು ಕುರಿಗಾರರಲ್ಲಿ ಮೊದಲಿನಿಂದ ಇರುವ ಪದ್ಧತಿ. ಬಾಯಿ ಹಾಕುವ ಚಾಳಿ ಇರುವ ನಾಯಿಯ ಕೋರೆಹಲ್ಲು, ಅಂದರೆ ಮುಂದಿನ ನಾಲ್ಕು ಉದ್ದ ಹಲ್ಲುಗಳ ತುದಿಯನ್ನು, ಕಾನಸಿನಿಂದ ಉಜ್ಜಿ ಚೂಪು ತೆಗೆಯುತ್ತಾರೆ. ಕಾನಸು ಅಂದರೆ ಬಡಿಗೇರ ಗರಗಸದ ಹಲ್ಲು ಉಜ್ಜುವ ಅರ. ನಾಯಿ ಮರಿಯಾಗಿರುವಾಗ ತೊಡೆಯ ಮೇಲೆ ಮಲಗಿಸಿಕೊಂಡು ದಿನಕ್ಕೆ ನಾಲ್ಕು ಸಲ ಎಳೆಯುವುದು, ಮರುದಿನ ಮತ್ತೆ ನಾಲ್ಕು ಸಲ. ಒಂದು ವಾರ ಹಿಡಿಯುತ್ತದೆ.

ಬೀರಪ್ಪ ತಲೆಗೆ ಸುತ್ತಿದ ಪಟಕಾದ ಮಡಿಕೆಯಿಂದ ಕಾನಸು ತೆಗೆದು ತೋರಿಸಿದ. “ಇದು ಮರಿ ಇದ್ದಾಗ ಸ್ವಭಾವ ಚಲೋ ಇತ್ರಿ, ಉಜ್ಜಲಿಲ್ಲ. ಈಗ ಹಿಡಿಯಾಕ ಆಗವಲ್ದು. ನೀವು ಮಂಪರಿನ ಸೂಜಿ ಹಾಕ್ರಿ ತಮ್ಮಾ. ನಾ ಉಜ್ಜತೇನಿ. ಅಕ್ಕಿ ಕಾಳಿನ ದಪ್ಪ ತಗದ್ರ ಸಾಕು.”

ಮಂಪರಿನ ಔಷಧ ಇದ್ದ ಕಪಾಟಿನ ಕೀಲಿ ಡಾಕ್ಟರ್ ಹತ್ತಿರ ಇತ್ತು. ನಾನು ಅದನ್ನು ಹೇಳಿ ಅವರನ್ನು ಮರುದಿನ ಬರಲು ಕಳಿಸಬೇಕಿತ್ತು. ಕಳಿಸಲಿಲ್ಲ.

“ಸೂಜಿ ಗೀಜಿ ಬ್ಯಾಡ ಕಾಕಾ. ಕಟರ್ ಐತಿ. ನಾಕ ಹಲ್ಲ, ನಾಕ ನಿಮಿಷ.”

“ಕಾನಸಿಲೆ ತಡಾ ಆದ್ರೂ ಚಲೋ ಅಲ್ಲೇನ್ರಿ?”

“ವಾರಗಟ್ಟಲೆ ಯಾರ ಉಜ್ಜಕೋತ ಕುಂಡ್ರತಾರ? ಎತ್ತಿನ ಗೊರಸ ಕಡಿಯಾಂವ ನಾ. ಹಲ್ಲಂದ್ರ ಏನ? ಅದೂ ಉಗರ ಇದ್ದಂಗ.”

ನಾನು ಹಾಗೇ ನಂಬಿದ್ದೆ. ಗೊರಸು ಕತ್ತರಿಸಿದರೆ ಎತ್ತಿಗೆ ನೋಯುವುದಿಲ್ಲ. ಕೊಂಬಿನ ತುದಿ ಕೊಯ್ದರೆ ನೋಯುವುದಿಲ್ಲ. ಹಲ್ಲು ಅವೆರಡಕ್ಕಿಂತ ಗಟ್ಟಿ. ಗಟ್ಟಿ ಇದ್ದದ್ದಕ್ಕೆ ನೋವೆಲ್ಲಿಯದು ಅನ್ನುವುದು ನನ್ನ ಲೆಕ್ಕ.

ಬೀರಪ್ಪ ಇನ್ನೂ ಏನೋ ಹೇಳುವವನಿದ್ದ. ನಾನು ಖಾಕಿ ಅಂಗಿ ಹಾಕಿದ್ದೆ, ಅಣ್ಣಾಸಾಹೇಬ ಗಡಿಯಾರ ನೋಡುತ್ತಿದ್ದ. ಬೀರಪ್ಪ ಕಾನಸು ಪಟಕಾದೊಳಗೆ ಇಟ್ಟುಕೊಂಡು ನಾಯಿಯ ತಲೆ ಹಿಡಿದ.

ದಾರಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಕರೆದೆ. ನಾಲ್ಕು ಕಾಲು ಕಟ್ಟಿದೆವು. ಬಾಯಲ್ಲಿ ಅಡ್ಡ ಕೋಲು ಕೊಟ್ಟು ಹಿಂದಕ್ಕೆ ಬಿಗಿದೆವು. ಕಟರಿನ ಬಾಯಿ ದೊಡ್ಡದು, ತುದಿಯಷ್ಟನ್ನೇ ಹಿಡಿಯುವುದಿಲ್ಲ, ಜಾರುತ್ತದೆ. ಹಾಗಾಗಿ ಹಲ್ಲಿನ ನಡುಮಧ್ಯಕ್ಕೆ ಹಿಡಿದೆ. ಮೂರು ಹಲ್ಲು ಒಂದೊಂದೇ ಏಟಿಗೆ ಬಂದವು. ನಾಲ್ಕನೆಯದು, ಕೆಳಗಿನ ಎಡದ್ದು, ಅಡ್ಡ ಮುರಿಯದೆ ಉದ್ದಕ್ಕೆ ಸೀಳಿತು. ಹೊರಗಿನ ಸೀಳು ಮೇಲಕ್ಕೆ ಚೂಪಾಗಿ ನಿಂತಿತು. ನಾಯಿ ಕೂಗಿತು. ಕಟ್ಟಿದ ಬಾಯಿಂದ ಬಂದ ದನಿ ನಾಯಿಯದ್ದಾಗಿ ಕೇಳಲಿಲ್ಲ. ಅದು ಹೆದರಿದೆ ಅಂದುಕೊಂಡೆ. ಕತ್ತರಿಸಿದ ಪ್ರತಿ ಹಲ್ಲಿನ ನಡುವೆ ಸಾಸಿವೆಯಷ್ಟು ಒಂದು ಕೆಂಪು ಚುಕ್ಕೆ ಕಂಡಿತು. ಒರೆಸಿದರೆ ಮತ್ತೆ ಬರುತ್ತಿತ್ತು. ಟಿಂಚರ್ ಅಯೋಡಿನ್ ಹಚ್ಚಿದೆ. ನಾಯಿ ಉಚ್ಚೆ ಹೊಯ್ದುಕೊಂಡಿತು.

“ಭಾಳ ಆತ್ರಿ ತಮ್ಮಾ,” ಎಂದ ಬೀರಪ್ಪ. “ಅರ್ಧ ಹೋತು.”

“ಇನ್ನ ಯಾರನ್ನೂ ಕಡಿಯೂದಿಲ್ಲ, ತಗೋರಿ,” ಎಂದೆ.

ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಡಾಕ್ಟರ್ ಇಲ್ಲದಾಗ ಮಾಡಿದ್ದನ್ನು ಬರೆಯುವ ರೂಢಿ ಇರಲಿಲ್ಲ.

ಹತ್ತು ಹನ್ನೆರಡು ದಿನದ ಮೇಲೆ ಮಾಯವ್ವ ಆಸ್ಪತ್ರೆಯ ಬೇಲಿಯ ಹತ್ತಿರ ನಿಂತು ನನ್ನನ್ನು ಕರೆದಳು. ತಲೆಯ ಮೇಲೆ ಹುಲ್ಲಿನ ಹೊರೆ ಇತ್ತು. ಮೋತ್ಯಾನನ್ನು ಕಣ್ಣು ಬಿಡುವ ಮೊದಲಿನಿಂದ ಸಾಕಿದವಳು ಅವಳು.

“ತಮ್ಮಾ, ಮೋತ್ಯಾ ರೊಟ್ಟಿ ಮುಟ್ಟವಲ್ದು. ಹಾಲಾಗ ನೆನಸಿ ಹಾಕಿದ್ರ ಒಂದೀಟ ನೆಕ್ಕತೈತಿ. ನೀರ ಕಂಡ್ರ ಹಿಂದಕ್ಕ ಸರೀತೈತಿ.”

“ರೂಢಿ ಆಗಬೇಕ ಯಕ್ಕಾ. ಮುದುಕರು ಹಲ್ಲ ಹ್ವಾದ ಮ್ಯಾಲ ರೂಢಿ ಮಾಡ್ಕೋತಾರಲ್ಲ, ಹಂಗ.”

“ಮುದುಕರು ಒದರ್ಯಾಡ್ತಾರ. ಇದು ಒದರವಲ್ದು. ಸುಮ್ನ ಕುಂತಿರತೈತಿ,” ಎಂದಳು. ಹೊರೆ ಸರಿ ಮಾಡಿಕೊಂಡು ಹೋದಳು. ಡಾಕ್ಟರ್ ಒಳಗೇ ಇದ್ದರು. ಅವರಿಗೆ ಹೇಳಲಿಲ್ಲ.

ಹಲ್ಲು ಕತ್ತರಿಸಿದ ಇಪ್ಪತ್ತಾರನೇ ದಿನ ಅಣ್ಣಾಸಾಹೇಬನ ಆಳು ಸೈಕಲ್ ಮೇಲೆ ಬಂದ. ಬೀರಪ್ಪನ ನಾಯಿಗೆ ಹುಚ್ಚು ಹಿಡಿದಿದೆ, ಮಾಯವ್ವನನ್ನು ಕಚ್ಚಿದೆ, ಜನ ಬಡಿಗೆ ಹಿಡಿದು ನಿಂತಿದ್ದಾರೆ ಎಂದ. ಆ ತಿಂಗಳು ಪಕ್ಕದ ಊರಿನಲ್ಲಿ ಹುಚ್ಚುನಾಯಿ ಒಂದು ಎಮ್ಮೆಯನ್ನು ಕಚ್ಚಿ, ಆ ಎಮ್ಮೆ ಸತ್ತಿತ್ತು. ಜನ ಹೆದರಿದ್ದರು.

ಡಾಕ್ಟರ್ ಹಾಸನದ ಕಡೆಯವರು. ನಮ್ಮ ಕಡೆ ಬಂದು ಎಂಟು ತಿಂಗಳಾಗಿತ್ತು. ಮೋಟರ್ ಸೈಕಲ್ ಮೇಲೆ ನನ್ನನ್ನು ಕೂರಿಸಿಕೊಂಡು ಹೊರಟರು. ದಾರಿಯಲ್ಲಿ ಹೇಳಿದರು: “ನೋಡಯ್ಯ, ರೇಬೀಸಿನಲ್ಲಿ ಎರಡು ಥರ. ಒಂದು ಓಡಾಡಿ ಕಚ್ಚೋದು. ಇನ್ನೊಂದು ಸುಮ್ನೆ ಮೂಲೇಲಿ ಕೂತು, ದವಡೆ ಬಿಟ್ಕೊಂಡು ಜೊಲ್ಲು ಸುರಿಸೋದು. ಅದಕ್ಕೆ ಡಂಬ್ ರೇಬೀಸ್ ಅಂತಾರೆ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡ ಹಾಗೆ ಕಾಣುತ್ತೆ. ಜನ ಪಾಪ ಅಂತ ಬಾಯೊಳಗೆ ಕೈ ಹಾಕ್ತಾರೆ, ಸಾಯ್ತಾರೆ. ನೀನು ಕೈ ಹಾಕಬೇಡ.”

ಕಬ್ಬಿನ ರವದಿಯ, ಅಂದರೆ ಒಣಗಿದ ಎಲೆಗಳ, ಗುಡ್ಡೆಯ ನೆರಳಿನಲ್ಲಿ ಮೋತ್ಯಾ ಬಿದ್ದಿತ್ತು. ದವಡೆ ತೆರೆದಿತ್ತು, ಮುಚ್ಚುತ್ತಿರಲಿಲ್ಲ. ಜೊಲ್ಲು ಎದೆಯ ಕೂದಲಿನವರೆಗೆ ಇಳಿದು ಒಣಗಿತ್ತು. ಮೂತಿ ಎರಡೂ ಕಡೆ ಊದಿ ತುಟಿ ಇಳಿಬಿದ್ದಿತ್ತು, ಹಲ್ಲು ಕಾಣುತ್ತಿರಲಿಲ್ಲ. ಯಾರೋ ಬೋಗುಣಿಯಲ್ಲಿ ನೀರು ಮುಂದೆ ಸರಿಸಿದರು. ಅದು ಮುಖ ತಿರುಗಿಸಿ ಹಿಂದಕ್ಕೆ ತೆವಳಿತು. ನಿಂತ ಜನ ಒಟ್ಟಿಗೆ “ಹೋ” ಎಂದರು. ನೀರಿಗೆ ಹೆದರುವ ನಾಯಿ ಅಂದರೆ ಊರಿಗೆಲ್ಲ ಅರ್ಥ ಒಂದೇ.

ಮಾಯವ್ವನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಗಾಯ. ಅವಳು ಹಾಲಿನ ಬಟ್ಟಲು ಹಿಡಿದು ನಾಯಿಯ ದವಡೆ ಎತ್ತಲು ಹೋಗಿದ್ದಳು. ಮೊಂಡು ಹಲ್ಲಿನದು ಬರೀ ಒತ್ತಿದ ಗುರುತು. ಒಂದು ಕಡೆ ಮಾತ್ರ ಬ್ಲೇಡಿನಿಂದ ಎಳೆದ ಹಾಗೆ ಚರ್ಮ ಬಿಟ್ಟಿತ್ತು. ನಾನು ಅದನ್ನು ನೋಡಿದ ತಕ್ಷಣ ಯಾವ ಹಲ್ಲಿನದು ಎಂದು ಗೊತ್ತಾಯಿತು. ಸೀಳಿದ ಹಲ್ಲು.

ಡಾಕ್ಟರ್ ಅವಳನ್ನು ಸಾಬೂನು ಹಚ್ಚಿ ಹದಿನೈದು ನಿಮಿಷ ಕೈ ತೊಳೆಯಲು ಕೆನಾಲಿನ ಕಡೆ ಕಳಿಸಿದರು. ಆಮೇಲೆ ಜನರನ್ನು ದೂರ ಸರಿಸಿ ಬೀರಪ್ಪನನ್ನು ಕೇಳಿದರು.

“ಇದರ ಬಾಯಿಗೆ ಏನಾದ್ರೂ ಆಗಿತ್ತಾ? ಏಟು, ಮೂಳೆ, ಹಲ್ಲು ಮುರಿದದ್ದು, ಏನಾದ್ರೂ? ಸರಿಯಾಗಿ ಹೇಳಿ. ಬಾಯಿಗೆ ಪೆಟ್ಟಾಗಿದ್ರೆ ಬೇರೆ ಮಾತು. ಕಟ್ಟಿ ಹಾಕಿ ಹತ್ತು ದಿನ ನೋಡಬಹುದು. ರೇಬೀಸ್ ಆಗಿದ್ರೆ ಅಷ್ಟರಲ್ಲಿ ತಾನೇ ಸಾಯುತ್ತೆ.”

ಬೀರಪ್ಪ ನನ್ನ ಮುಖ ನೋಡಿದ. ಅವನು ಹೇಳಿದರೆ ನನ್ನ ಹೆಸರು ಬರುತ್ತಿತ್ತು. ಸರಕಾರಿ ಮನುಷ್ಯನ ತಪ್ಪನ್ನು ಸರಕಾರಿ ಮನುಷ್ಯನೇ ಹೇಳಲಿ ಎಂದು ಕಾದನೋ, ನನ್ನ ಕೆಲಸ ಹೋದೀತು ಎಂದು ಹಿಂಜರಿದನೋ ಗೊತ್ತಿಲ್ಲ. ಕಾದ. ನಾನು ಹಗ್ಗದ ಗಂಟು ಬಿಚ್ಚುತ್ತಿದ್ದೆ. ಆ ಗಂಟು ಬಿಚ್ಚುವ ಅಗತ್ಯ ಇರಲಿಲ್ಲ. ಡಾಕ್ಟರ್ ನನ್ನ ಕಡೆಯೂ ನೋಡಿದರು.

“ನಿನಗೇನಾದ್ರೂ ಗೊತ್ತೇನಯ್ಯ?”

“ಇಲ್ರಿ,” ಎಂದೆ.

ಅಷ್ಟೇ ಮಾತು. ಅದನ್ನು ಹೇಳಲು ಎಷ್ಟು ಹೊತ್ತು ಬೇಕು? ಕಟರ್ ಒಂದು ಏಟು ಹಾಕಿದಷ್ಟು.

ಬೀರಪ್ಪ ತಲೆ ಕೆಳಗೆ ಹಾಕಿದ. “ಏನೂ ಆಗಿಲ್ರಿ ಸಾಹೇಬ್ರ,” ಎಂದ.

ಡಾಕ್ಟರ್ ಬ್ಯಾಗು ತೆಗೆದರು. ಲಕ್ಷಣ ಎಲ್ಲ ಕೂಡುತ್ತಿವೆ, ಒಬ್ಬ ಹೆಣ್ಣುಮಗಳಿಗೆ ಕಚ್ಚಿದೆ, ನಾಯಿಯನ್ನು ನೋವಿಲ್ಲದ ಹಾಗೆ ಸಾಯಿಸಿ ಮೆದುಳು ಪರೀಕ್ಷೆಗೆ ಕಳಿಸುವುದೇ ಸರಿ ಎಂದರು. ನಾನು ಉದ್ದ ಕೋಲಿನ ತುದಿಗೆ ಹಗ್ಗದ ಕುಣಿಕೆ ಮಾಡಿ ಕುತ್ತಿಗೆಗೆ ಹಾಕಿದೆ. ಮೋತ್ಯಾ ಎಳೆದಾಡಲಿಲ್ಲ. ನನ್ನ ವಾಸನೆ ಗುರುತು ಸಿಕ್ಕಿರಬೇಕು, ಒಂದು ಸಲ ಗುರ್ ಎಂದಿತು. ಡಾಕ್ಟರ್ ಇಂಜೆಕ್ಷನ್ ಕೊಟ್ಟರು. ಒಂದು ನಿಮಿಷದೊಳಗೆ ಮುಗಿಯಿತು. ಮಾಯವ್ವ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಗೋಣಿ ಹೊದಿಸಿದ್ದೆವು. ಅವಳು ಗೋಣಿಯ ಹತ್ತಿರ ಬರಲಿಲ್ಲ. ಒದ್ದೆ ಕೈ ಹಾಗೇ ಮುಂದೆ ಹಿಡಿದುಕೊಂಡು ಕುರಿಗಳ ಕಡೆ ನಡೆದು ಹೋದಳು.

ತಲೆ ಬೇರೆ ಮಾಡುವ ಕೆಲಸ ಅಟೆಂಡರಿನದು. ಆಸ್ಪತ್ರೆಯ ಹಿಂದೆ ಎರಡು ಜೊತೆ ಕೈಗವಸು ಹಾಕಿ, ಮುಖಕ್ಕೆ ಬಟ್ಟೆ ಕಟ್ಟಿ ಮಾಡಿದೆ. ಡಾಕ್ಟರ್ ಎದುರಿಗೇ ನಿಂತಿದ್ದರು. ತಲೆ ಹೊರಳಿದಾಗ ತುಟಿ ಹಿಂದಕ್ಕೆ ಹೋಯಿತು. ಕತ್ತರಿಸಿದ ನಾಲ್ಕೂ ಹಲ್ಲು ಕಂಡವು. ಬುಡದಲ್ಲಿ ಒಸಡು ಕಪ್ಪಾಗಿತ್ತು. ಗದ್ದದ ಕೆಳಗೆ ಒಂದು ತೂತು ಬಿದ್ದು ಕೀವು ಬರುತ್ತಿತ್ತು. ಸೀಳಿದ ಹಲ್ಲಿನ ಚೂಪು ಮೇಲಿನ ಒಸಡನ್ನು ಕೊರೆದು ಗುಳಿ ಮಾಡಿತ್ತು. ದವಡೆ ಮುಚ್ಚಿದರೆ ಅದು ಆ ಗುಳಿಗೇ ಹೋಗಿ ಚುಚ್ಚುತ್ತದೆ. ಅದಕ್ಕೇ ನಾಯಿ ಬಾಯಿ ಮುಚ್ಚುತ್ತಿರಲಿಲ್ಲ.

ಡಾಕ್ಟರ್ ಬಹಳ ಹೊತ್ತು ನೋಡಿದರು.

“ಯಾರು ಕೊಯ್ದದ್ದು?”

“ನಾನ್ರಿ.”

“ಯಾವಾಗ?”

“ಇಪ್ಪತ್ತಾರ ದಿನಾ ಆತ್ರಿ.”

ಅವರು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಇಕ್ಕಳ ತರಿಸಿ ಆ ಸೀಳಿದ ಹಲ್ಲು ಹಿಡಿದರು. ಕೀವಿನಲ್ಲಿ ಸಡಿಲಾಗಿತ್ತು, ಬಂದುಬಿಟ್ಟಿತು. ಉದ್ದಕ್ಕೆ ಸೀಳಿದ್ದರಿಂದ ಒಳಗೆಲ್ಲ ಕಾಣುತ್ತಿತ್ತು. ನಡುವೆ ಬುಡದಿಂದ ಮೇಲಿನವರೆಗೆ ಒಂದು ಟೊಳ್ಳು ದಾರಿ.

“ಇದಕ್ಕೆ ಪಲ್ಪ್ ಅಂತಾರೆ,” ಎಂದರು. “ರಕ್ತ, ನರ ಎಲ್ಲ ಇದರೊಳಗೆ ಇರುತ್ತೆ. ಹಲ್ಲು ಉಗುರಲ್ಲ ಕಣಯ್ಯ. ಮೇಲ್ತುದೀಲಿ ಸ್ವಲ್ಪ ಮಾತ್ರ ಗಟ್ಟಿ, ಅದರ ಕೆಳಗೆ ಜೀವ. ನೀನು ಅರ್ಧಕ್ಕೆ ಕತ್ತರಿಸಿದೆ. ನಾಲ್ಕು ಹಲ್ಲಿನ ನರ ಗಾಳಿಗೆ ಬಿಟ್ಟೆ. ಡಿಸೆಂಬರ್ ತಿಂಗಳ ನೀರು ಅದಕ್ಕೆ ತಾಗಿದ್ರೆ ಏನಾಗುತ್ತೆ? ಅದು ನೀರಿಗೆ ಹೆದರಿದ್ದಲ್ಲ.”

ಅಕ್ಕಿ ಕಾಳಿನ ದಪ್ಪ. ಬೀರಪ್ಪನ ಕೈಯಲ್ಲಿದ್ದ ಅಳತೆ ಅದೇ. ಯಾವ ಪುಸ್ತಕ ಓದಿ ಬಂದದ್ದಲ್ಲ. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

“ಇದು ಹಲ್ಲಿನ ಕೀವೇ ಅಂತ ನನಗೆ ಈಗ ಅನಿಸುತ್ತೆ,” ಎಂದರು ಡಾಕ್ಟರ್. “ಆದ್ರೆ ಅನಿಸಿದ್ದರ ಮೇಲೆ ಆ ಹೆಣ್ಣುಮಗಳ ಜೀವ ಬಿಡೋಕಾಗಲ್ಲ. ರಿಪೋರ್ಟ್ ಬರೋವರೆಗೆ ಅವಳು ಸೂಜಿ ತಗೋಬೇಕು. ದಿನಾ ನೀನೇ ಕರ್ಕೊಂಡು ಹೋಗು. ಮತ್ತೆ ಇನ್ನೊಂದು. ನಾನು ಕೇಳಿದಾಗ ನೀನು ಏನು ಹೇಳಿದೆ ಅನ್ನೋದನ್ನ ಅವಳಿಗೆ ನೀನೇ ಹೇಳಬೇಕು. ನಾನು ಹೇಳಲ್ಲ.”

ಆ ಕಾಲದಲ್ಲಿ ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ದಿನಕ್ಕೊಂದು. ಮರುದಿನದಿಂದ ನಾನು ಮತ್ತು ಮಾಯವ್ವ ಬೆಳಿಗ್ಗೆಯ ಬಸ್ಸಿಗೆ ರಾಯಬಾಗಕ್ಕೆ ಹೋಗಲು ಶುರು ಮಾಡಿದೆವು. ಅವಳು ಹೆಂಗಸರ ಸೀಟಿನಲ್ಲಿ ಕಿಟಕಿಯ ಹತ್ತಿರ ಕೂರುತ್ತಿದ್ದಳು. ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಲ್ಲುತ್ತಿದ್ದೆ. ಅವಳು ಕೆಲವು ದಿನ ಮಾತಾಡುತ್ತಿದ್ದಳು, ಕೆಲವು ದಿನ ಇಲ್ಲ.

ಮೂರನೇ ದಿನ ಹೊಟ್ಟೆಯ ಮೇಲೆ ಲಿಂಬೆಹಣ್ಣಿನಷ್ಟು ಗಂಟು ಎದ್ದಿವೆ ಎಂದಳು. ನಾಲ್ಕನೇ ದಿನ ಜ್ವರ ಬಂದಿತ್ತು. “ನಿಮ್ಮ ದನದ ಸೂಜಿನೂ ಹಿಂಗ ದೊಡ್ಡೂ ಇರತಾವ?” ಎಂದು ಕೇಳಿದಳು. ಇದಕ್ಕಿಂತ ದೊಡ್ಡವು ಎಂದೆ. “ಪಾಪ ಅವು,” ಎಂದಳು. ಐದನೇ ದಿನ ಹಟ್ಟಿಯಿಂದ ಎರಡು ಕುರಿಮರಿಗಳನ್ನು ತೋಳ ಒಯ್ದಿತು ಎಂದು ಹೇಳಿದಳು. ಅವಳ ಮಾವ ಈಗ ರಾತ್ರಿಯೆಲ್ಲ ತಾನೇ ಕೋಲು ಹಿಡಿದು ಎಚ್ಚರ ಇರುತ್ತಾನಂತೆ. ಹೊಸ ನಾಯಿಮರಿ ತರಲು ಮುಗಳಖೋಡದ ಕಡೆ ಯಾರಿಗೋ ಹೇಳಿದ್ದಾನಂತೆ.

ನಾನು ದಿನಾ ಬಸ್ಸು ಹತ್ತುವಾಗ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಜನ ಇದ್ದಾರೆ, ಇಳಿದ ಮೇಲೆ ಎನ್ನುತ್ತಿದ್ದೆ. ಇಳಿದ ಮೇಲೆ ಚೀಟಿ ಮಾಡಿಸಬೇಕು ಎನ್ನುತ್ತಿದ್ದೆ. ಸೂಜಿ ಆದ ಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ಹೊರಗೆ ಬರುತ್ತಿದ್ದಳು, ಆಗ ಹೇಗೆ ಎನ್ನುತ್ತಿದ್ದೆ. ದುಃಖ ಆಗುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಆಗುತ್ತಿರಲಿಲ್ಲ. ಉಣ್ಣುತ್ತಿದ್ದೆ, ಮಲಗುತ್ತಿದ್ದೆ, ಗೊರಸು ಕತ್ತರಿಸುತ್ತಿದ್ದೆ. ಹಲ್ಲಿನ ವೈದ್ಯರು ದವಡೆಗೆ ಸೂಜಿ ಕೊಟ್ಟಾಗ ತುಟಿ ಇದೆ ಅಂತ ಗೊತ್ತಿರುತ್ತದೆ, ಮುಟ್ಟಿದರೆ ಗೊತ್ತಾಗುವುದಿಲ್ಲ. ಹಾಗೆ ಇದ್ದೆ.

ಒಂಬತ್ತನೇ ದಿನ ರಿಪೋರ್ಟ್ ಬಂದಿತು. ಡಾಕ್ಟರ್ ಓದಿದರು. “ನೆಗೆಟಿವ್,” ಎಂದರು. ಅಂದರೆ ಮೋತ್ಯಾಗೆ ಹುಚ್ಚು ಇರಲಿಲ್ಲ. ಚೀಟಿ ನನ್ನ ಕೈಗೆ ಕೊಟ್ಟು, “ರಾಯಬಾಗದ ಡಾಕ್ಟರಿಗೆ ತೋರಿಸು, ಸೂಜಿ ನಿಲ್ಲಿಸ್ತಾರೆ. ಬಸ್ಸಿಗೆ ಹೊತ್ತಾಯ್ತು,” ಎಂದರು. ಬೇರೇನೂ ಕೇಳಲಿಲ್ಲ.

ಮಾಯವ್ವ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತಿದ್ದಳು. ಅಲ್ಲಿ ಬೇರೆ ಯಾರೂ ಇರಲಿಲ್ಲ.

“ಯಕ್ಕಾ, ರಿಪೋರ್ಟ್ ಬಂತು. ಅದಕ್ಕ ಹುಚ್ಚ ಹಿಡದಿದ್ದಿಲ್ಲ.”

ಅವಳು ನನ್ನ ಕೈಯ ಚೀಟಿ ನೋಡಿದಳು.

“ಹಲ್ಲಿನ ಬುಡಕ್ಕ ಕೀವ ಆಗಿತ್ತು. ನಾ ಕೊಯ್ದದ್ದು ಭಾಳ ಆಗಿತ್ತು. ಅದಕ್ಕ ಹಂಗ ಮಾಡಾಕತ್ತಿತ್ತು. ಅವತ್ತ ಸಾಹೇಬ್ರು ಕೇಳಿದ್ರು, ಬಾಯಿಗೆ ಏನರ ಆಗೈತೇನ ಅಂತ. ನಾ ಇಲ್ಲಂದ್ನಿ.”

“ಗೊತ್ತೈತಿ,” ಎಂದಳು.

“ಯಾರ ಹೇಳಿದ್ರು?”

“ಮಾಂವ. ಅವತ್ತ ಹೇಳಿದ. ತಾನೂ ಇಲ್ಲಂದೆ ಅಂದ.” ಸೆರಗು ಸರಿ ಮಾಡಿಕೊಂಡಳು. “ಎಂಟ ದಿನಾ ಆತು ನೋಡ್ತೇನಿ. ಕಂಬಿ ಹಿಡ್ಕೊಂಡ ನಿಂದರ್ತಿ. ಬಾಯಿ ಬಿಡ್ತಿ, ಮುಚ್ಚತಿ.”

ನಾನು ಚೀಟಿ ಮಡಚಿ ಜೇಬಿಗೆ ಹಾಕಿದೆ.

“ಮಾಂವ ಅವತ್ತ ಕಾನಸ ಕೆನಾಲದಾಗ ಒಗದ. ಅವನ ಅಪ್ಪಂದ ಅದು. ನೀ ಏನ್ ಒಗದಿ?”

ಬಸ್ಸು ಬಂದಿತು. ಅವಳು ಹತ್ತಿದಳು, ನಾನೂ ಹತ್ತಿದೆ. ಆ ದಿನ ರಾಯಬಾಗದಲ್ಲಿ ಚೀಟಿ ತೋರಿಸಿದೆವು. ಇನ್ನು ಬೇಡ ಎಂದರು. ಅಷ್ಟರಲ್ಲಿ ಅವಳ ಹೊಟ್ಟೆಗೆ ಎಂಟು ಸೂಜಿ ಬಿದ್ದಿದ್ದವು. ವಾಪಸ್ ಬರುವಾಗ ನನಗೆ ಕೂರಲು ಸೀಟು ಸಿಕ್ಕಿತು. ಕೂತೆ. ಅವಳು ಕಿಟಕಿಯಲ್ಲಿ ನೋಡುತ್ತಿದ್ದಳು.

ಜನವರಿಯ ಕೊನೆಗೆ ಬೀರಪ್ಪ ಕುರಿ ಎಬ್ಬಿಸಿಕೊಂಡು ಅಥಣಿಯ ಕಡೆ ಹೋದ. ಹೋಗುವಾಗ ಆಸ್ಪತ್ರೆಯ ಮುಂದೆಯೇ ಹಾದ. ಅವನ ಕಂಬಳಿಯೊಳಗೆ ಹೊಸ ನಾಯಿಮರಿ ಇತ್ತು. “ಬರ್ತೇನ್ರಿ ತಮ್ಮಾ,” ಎಂದ. ನಾನು ಕೈ ಎತ್ತಿದೆ. ಆಮೇಲೆ ಅವರನ್ನು ನೋಡಿಲ್ಲ.

ಡಾಕ್ಟರ್ ನನ್ನ ಮೇಲೆ ಏನೂ ಬರೆದು ಕಳಿಸಲಿಲ್ಲ. ಆ ಹಲ್ಲನ್ನು ಫಾರ್ಮಾಲಿನ್ನಿನಲ್ಲಿ ತೊಳೆದು, ಒಣಗಿಸಿ, ಇಂಜೆಕ್ಷನ್ನಿನ ಖಾಲಿ ಬಾಟಲಿಯಲ್ಲಿ ಹಾಕಿ ನನಗೆ ಕೊಟ್ಟರು. ಅವರು ಇದ್ದ ಎರಡು ವರ್ಷದಲ್ಲಿ ನಾಯಿ, ಬೆಕ್ಕು ಯಾವ ಕಾಯಿಲೆಗೆ ಬಂದರೂ ಮೊದಲು ರೇಬೀಸಿನ ಲಕ್ಷಣ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ತುಟಿ ಎತ್ತಿ ನೋಡುವುದನ್ನು ನನಗೆ ಕಲಿಸಿದರು. ಹಲ್ಲಿಗೆ ಅಂಟಿದ ಹಳದಿ ಕಲ್ಲು ಕೆರೆಯುವುದು ಕಲಿಸಿದರು. ಕಣ್ಣಿನ ಕೆಳಗೆ ಊತ ಬಂದರೆ ಕಣ್ಣಿಗೆ ಔಷಧ ಹಾಕುವ ಮೊದಲು ಮೇಲಿನ ದವಡೆಯ ದೊಡ್ಡ ಹಲ್ಲು ನೋಡಬೇಕು. ಬೆಕ್ಕು ಊಟದ ಮುಂದೆ ಬಂದು ವಾಸನೆ ನೋಡಿ ಹೋಗುತ್ತಿದ್ದರೆ ಅದಕ್ಕೆ ಹಸಿವಿಲ್ಲ ಅಂತಲ್ಲ, ಒಸಡು ನೋಯುತ್ತಿರಬಹುದು. ಈಗ ರಿಜಿಸ್ಟರಿನಲ್ಲಿ ನಾಯಿ, ಬೆಕ್ಕು ಅಂತ ನಾನೇ ಸ್ಕೇಲ್ ಇಟ್ಟು ಎರಡು ಕಾಲಂ ಎಳೆದಿದ್ದೇನೆ. ‘ಬಾಯಿ’ ಅಂತ ಇನ್ನೊಂದು.

ನಾಲ್ಕು ವರ್ಷದ ಹಿಂದೆ ಕೆಲಸ ಖಾಯಂ ಆಯಿತು. ಈಗ ಇರುವುದು ಬೇರೆ ಊರಿನ ಆಸ್ಪತ್ರೆ. ಕಬ್ಬು ಕಡಿಯುವ ಕಾಲಕ್ಕೆ ವರ್ಷಕ್ಕೆ ಒಬ್ಬಿಬ್ಬರು ಕುರಿಗಾರರು ನಾಯಿ ಹಿಡಿದುಕೊಂಡು ಬರುತ್ತಾರೆ, ಹಲ್ಲು ಮೊಂಡು ಮಾಡಿಕೊಡಿ ಎಂದು. ಹೋದ ತಿಂಗಳು ಐಗಳಿಯ ಕಡೆಯವನು ಒಬ್ಬ ಬಂದಿದ್ದ. ಡ್ರಾಯರಿನಿಂದ ಬಾಟಲಿ ತೆಗೆದು ಹಲ್ಲನ್ನು ಅವನ ಅಂಗೈ ಮೇಲೆ ಇಟ್ಟೆ. ಒಳಗಿನ ಟೊಳ್ಳು ತೋರಿಸಿದೆ.

“ಇದರಾಗ ಜೀವ ಇರತೈತೇನ್ರಿ?” ಎಂದ.

“ಇರತೈತಿ. ಕಾನಸೂ ಬ್ಯಾಡ, ಕಟರೂ ಬ್ಯಾಡ. ಎತ್ತಿಗೆ ಕಟ್ಟಿದಂಗ ಹಗಲ ಹೊತ್ತು ಬಾಯಿಕುಕ್ಕಿ ಕಟ್ರಿ, ರಾತ್ರಿ ಬಿಚ್ರಿ.”

ಅವನು ಹಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದ. ಮುಂದೆ ಏನು ಕೇಳುತ್ತಾರೆ ಎಂದು ನನಗೆ ಗೊತ್ತು. ಎಲ್ಲರೂ ಅದನ್ನೇ ಕೇಳುತ್ತಾರೆ, ಇದನ್ನು ಹಿಂಗೆ ಮಾಡಿದವನು ಯಾರು ಎಂದು.

ಈ ಕೆಲಸ ನನಗೆ ಕಲಿಸಿದ್ದು ಇದು. ಹಲ್ಲಿಗೆ ಜೀವ ಇದೆ ಅನ್ನುವುದನ್ನು ಡಾಕ್ಟರ್ ಹೇಳಿಕೊಟ್ಟರು, ಅದು ಪುಸ್ತಕದಲ್ಲೂ ಸಿಗುತ್ತದೆ. ನಾನು ತಪ್ಪು ಕೊಯ್ದಿದ್ದಕ್ಕೆ ಆ ನಾಯಿ ಸಾಯಬೇಕಿರಲಿಲ್ಲ. ಕಟ್ಟಿ ಹಾಕಿ ಹತ್ತು ದಿನ ಕಾದಿದ್ದರೆ, ಕೀವು ತೆಗೆದಿದ್ದರೆ ಬದುಕುತ್ತಿತ್ತು. ಅದು ಸತ್ತದ್ದು ನಾನು ‘ಇಲ್ರಿ’ ಅಂದಿದ್ದಕ್ಕೆ.

ಐಗಳಿಯವನು ತಲೆ ಎತ್ತಿದ. ಅವನು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ.

“ನಾ ಕೊಯ್ದದ್ದು.”